ಗಲ್ಲಾ ಪೆಟ್ಟಿಗೆಯಲ್ಲಿನ ನೋವಿನ ಮಾತ್ರೆ: ಉರಿಯೂತ ನಿವಾರಕ ಔಷಧಗಳ ಲಾಭ-ನಷ್ಟದ ಲೆಕ್ಕ

ವ್ಯಾಪಾರ ಹಾಗೂ ಸಣ್ಣ ಕೈಗಾರಿಕೆಯ ನೆಲೆಗಳಲ್ಲಿ ನೋವು ದಿನನಿತ್ಯದ ಸಂಗಾತಿ. ಎಪಿಎಂಸಿ ಪ್ರಾಂಗಣದಲ್ಲಿ ಮೂಟೆ ಹೊರುವ ಹಮಾಲನ ಸೊಂಟ, ಲೇತ್ ಯಂತ್ರದ ಮುಂದೆ ಎಂಟು ಗಂಟೆ ನಿಲ್ಲುವ ಕೆಲಸಗಾರನ ಮೊಣಕಾಲು, ಸಿದ್ಧ ಉಡುಪು ಘಟಕದಲ್ಲಿ ಹೊಲಿಗೆ ಯಂತ್ರಕ್ಕೆ ಬಾಗಿ ಕುಳಿತ ಮಹಿಳೆಯ ಕುತ್ತಿಗೆ, ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ಕುಳಿತೇ ಇರುವ ವರ್ತಕನ ಬೆನ್ನು, ಇವೆಲ್ಲವೂ ಒಂದಲ್ಲ ಒಂದು ದಿನ ದೂರು ಹೇಳುತ್ತವೆ. ಆ ದೂರಿಗೆ ಸಿದ್ಧ ಉತ್ತರವಾಗಿ ಅನೇಕ ಅಂಗಡಿಗಳ ಗಲ್ಲಾ ಪೆಟ್ಟಿಗೆಯಲ್ಲಿ, ಕಾರ್ಖಾನೆಗಳ ಮೇಜಿನ ಖಾನೆಯಲ್ಲಿ ನೋವಿನ ಮಾತ್ರೆಯ ಒಂದು ಪಟ್ಟಿ ಇದ್ದೇ ಇರುತ್ತದೆ. ಮಾಲೀಕರೂ ನುಂಗುತ್ತಾರೆ, ಕೇಳಿದ ಕೆಲಸಗಾರನಿಗೂ ಕೊಡುತ್ತಾರೆ. ಕೊಡುವುದರ ಹಿಂದಿರುವುದು ಅನುಕಂಪವೇ ಹೊರತು ಬೇರೇನೂ ಅಲ್ಲ.

ಆದರೆ ಅನುಕಂಪಕ್ಕೂ ಲೆಕ್ಕ ಬೇಕು. ನೋವಿನ ಮಾತ್ರೆ ಕೊಡುವ ಉಪಶಮನ ಲಾಭವಲ್ಲ, ಸಾಲ. ಅಲ್ಪಾವಧಿಗೆ, ಅಗತ್ಯವಿದ್ದಷ್ಟೇ ಪಡೆದು ತೀರಿಸಿದರೆ ಸಾಲ ಉಪಕಾರಿ. ನಿತ್ಯವೂ ಪಡೆಯುತ್ತ ಹೋದರೆ ಅದರ ಬಡ್ಡಿಯನ್ನು ಜಠರ, ಮೂತ್ರಪಿಂಡ ಮತ್ತು ಹೃದಯಗಳು ಕಟ್ಟಬೇಕಾಗುತ್ತದೆ. ಈ ಔಷಧಗಳು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಉಪಯುಕ್ತ, ಎಲ್ಲಿ ಅಪಾಯಕಾರಿ, ಉದ್ಯಮದ ಮುಖ್ಯಸ್ಥರು ವಹಿಸಬೇಕಾದ ಎಚ್ಚರವೇನು ಎಂಬುದನ್ನು ಮುಂದೆ ವಿವೇಚಿಸಲಾಗಿದೆ.

ನೋವು ಮತ್ತು ಉರಿಯೂತ

ದೇಹದ ಯಾವುದೇ ಭಾಗಕ್ಕೆ ಪೆಟ್ಟು ಬಿದ್ದಾಗ ಅಥವಾ ಸೋಂಕು ತಗುಲಿದಾಗ ಆ ಭಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಈ ಸ್ಥಿತಿಗೆ ಉರಿಯೂತ ಎಂದು ಹೆಸರು. ಮೂಲತಃ ಇದು ದುರಸ್ತಿ ಕಾರ್ಯ. ಹಾನಿಗೊಂಡ ಜೀವಕೋಶಗಳಿಂದ ಅರಾಕಿಡೋನಿಕ್ ಆಮ್ಲ ಎಂಬ ವಸ್ತು ಬಿಡುಗಡೆಯಾಗುತ್ತದೆ. ಕಾಕ್ಸ್ ಎಂಬ ಕಿಣ್ವ ಅದನ್ನು ಪ್ರೊಸ್ಟಗ್ಲಾಂಡಿನ್‌ಗಳಾಗಿ ಪರಿವರ್ತಿಸುವ ಕಾರ್ಯವನ್ನು ಆರಂಭಿಸುತ್ತದೆ. ಈ ಪ್ರೊಸ್ಟಗ್ಲಾಂಡಿನ್‌ಗಳು ರಕ್ತನಾಳಗಳನ್ನು ಹಿಗ್ಗಿಸಿ, ನರಗಳ ತುದಿಯನ್ನು ಹೆಚ್ಚು ಸೂಕ್ಷ್ಮಗೊಳಿಸುತ್ತವೆ. ಆದ್ದರಿಂದಲೇ ಉಳುಕಿದ ಕಾಲನ್ನು ಮೃದುವಾಗಿ ಮುಟ್ಟಿದರೂ ನೋವಾಗುತ್ತದೆ.

ಉರಿಯೂತ ನಿವಾರಕ ಔಷಧಗಳು ಈ ಕಾಕ್ಸ್ ಕಿಣ್ವವನ್ನೇ ತಡೆಯುತ್ತವೆ. ಪ್ರೊಸ್ಟಗ್ಲಾಂಡಿನ್ ಉತ್ಪಾದನೆ ಕುಗ್ಗುತ್ತದೆ. ಊತ, ಜ್ವರ, ನೋವು ಮೂರೂ ಇಳಿಯುತ್ತವೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ನ್ಯಾಪ್ರಾಕ್ಸೆನ್, ಮೆಫೆನಾಮಿಕ್ ಆಮ್ಲ, ನಿಮೆಸುಲೈಡ್, ಎಟೊರಿಕಾಕ್ಸಿಬ್ ಮೊದಲಾದವು ಈ ವರ್ಗಕ್ಕೆ ಸೇರಿದವು. ಸ್ಟೀರಾಯ್ಡ್‌ಗಳೂ ಉರಿಯೂತವನ್ನು ತಗ್ಗಿಸುತ್ತವೆಯಾದರೂ ಅವುಗಳ ಮಾರ್ಗ ಬೇರೆ. ಅದಕ್ಕಾಗಿಯೇ ಈ ವರ್ಗವನ್ನು ಸ್ಟೀರಾಯ್ಡೇತರ ಉರಿಯೂತ ನಿವಾರಕಗಳೆಂದು ಕರೆಯುತ್ತಾರೆ.

ತೊಡಕು ಇರುವುದು ಇಲ್ಲಿಯೇ. ಪ್ರೊಸ್ಟಗ್ಲಾಂಡಿನ್‌ಗಳು ನೋವನ್ನು ಮಾತ್ರ ಉಂಟುಮಾಡುವುದಿಲ್ಲ. ಜಠರದ ಒಳಪದರವನ್ನು ಆಮ್ಲದಿಂದ ಕಾಪಾಡುವುದು, ಮೂತ್ರಪಿಂಡಕ್ಕೆ ರಕ್ತದ ಹರಿವನ್ನು ಕಾಯ್ದುಕೊಳ್ಳುವುದು ಕೂಡ ಅವುಗಳ ಕೆಲಸ. ಅದೇ ಕಿಣ್ವದಿಂದ ಹುಟ್ಟುವ ಮತ್ತೊಂದು ವಸ್ತು ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ಕಾರ್ಖಾನೆಯ ಒಂದು ಯಂತ್ರದ ಸದ್ದು ತಾಳಲಾರದೆ ಇಡೀ ಘಟಕದ ಮುಖ್ಯ ಸ್ವಿಚ್ಚನ್ನು ಆರಿಸಿದರೆ ಸದ್ದು ನಿಲ್ಲುವುದು ನಿಜ. ಆದರೆ ನೀರೆತ್ತುವ ಪಂಪು, ಗಾಳಿ ಬೀಸುವ ಪಂಖ ಎಲ್ಲವೂ ನಿಲ್ಲುತ್ತವೆ. ನೋವಿನ ಮಾತ್ರೆಯ ದುಷ್ಪರಿಣಾಮಗಳು ಬಹುಮಟ್ಟಿಗೆ ಈ ಬಗೆಯವು. ಅವು ಔಷಧದ ಗುಣಮಟ್ಟದ ದೋಷವಲ್ಲ, ಅದರ ಕಾರ್ಯವಿಧಾನದ ಇನ್ನೊಂದು ಮುಖ.

ವಿಲೋ ತೊಗಟೆಯಿಂದ ಮಾತ್ರೆಯವರೆಗೆ

ವಿಲೋ ಮರದ ತೊಗಟೆಗೆ ನೋವು ಮತ್ತು ಜ್ವರ ಇಳಿಸುವ ಗುಣವಿದೆ ಎಂಬುದು ಪ್ರಾಚೀನ ಕಾಲದಿಂದಲೂ ತಿಳಿದಿತ್ತು. 1828ರಲ್ಲಿ ಜರ್ಮನಿಯ ಯೋಹಾನ್ ಬುಖ್ನರ್ ಆ ತೊಗಟೆಯಿಂದ ಸ್ಯಾಲಿಸಿನ್ ಎಂಬ ಸಾರವನ್ನು ಬೇರ್ಪಡಿಸಿದರು. 1897ರಲ್ಲಿ ಬೇಯರ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಫೆಲಿಕ್ಸ್ ಹಾಫ್‌ಮನ್ ಶುದ್ಧ ರೂಪದ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವನ್ನು ತಯಾರಿಸಿದರು. 1899ರಲ್ಲಿ ಅದು ಆಸ್ಪಿರಿನ್ ಎಂಬ ವ್ಯಾಪಾರನಾಮ ಪಡೆಯಿತು.

ಆಸ್ಪಿರಿನ್ ಮಾರುಕಟ್ಟೆಗೆ ಬಂದು ಏಳು ದಶಕಗಳು ಕಳೆದರೂ ಅದು ನೋವನ್ನು ತಡೆಯುವ ಬಗೆ ವಿಜ್ಞಾನಕ್ಕೆ ಅಸ್ಪಷ್ಟವಾಗಿಯೇ ಇತ್ತು. 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಅದು ಪ್ರೊಸ್ಟಗ್ಲಾಂಡಿನ್ ಉತ್ಪಾದನೆಯನ್ನು ತಡೆಯುತ್ತದೆ ಎಂದು ತೋರಿಸಿದರು. ಪ್ರೊಸ್ಟಗ್ಲಾಂಡಿನ್ ಕುರಿತ ಸಂಶೋಧನೆಗಾಗಿ ಅವರು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳೊಂದಿಗೆ 1982ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಇದರ ನಡುವೆ 1969ರಲ್ಲಿ ಬ್ರಿಟನ್ನಿನಲ್ಲಿ ಐಬುಪ್ರೊಫೆನ್, 1970ರ ದಶಕದಲ್ಲಿ ಡೈಕ್ಲೊಫೆನಾಕ್ ಬಳಕೆಗೆ ಬಂದವು. ಇಂದು ಇವು ಭಾರತದ ಸಣ್ಣ ಊರಿನ ಔಷಧಿ ಅಂಗಡಿಯಲ್ಲೂ ಅಗ್ಗದ ಬೆಲೆಗೆ ದೊರೆಯುತ್ತವೆ. ಬೆಲೆ ಅಗ್ಗವಾದಂತೆ ಭಯವೂ ಅಗ್ಗವಾದುದು ಈಗಿನ ಸಮಸ್ಯೆ.

ಯಾವ ನೋವಿಗೆ ಯಾವ ಔಷಧ

ಎಲ್ಲ ನೋವೂ ಒಂದೇ ಜಾತಿಯದಲ್ಲ. ಗೋದಾಮಿನಲ್ಲಿ ಮಾಲನ್ನು ಗುರುತಿಸಿ ವಿಂಗಡಿಸುವಂತೆ ನೋವನ್ನೂ ವಿಂಗಡಿಸುವುದು ಚಿಕಿತ್ಸೆಯ ಮೊದಲ ಹೆಜ್ಜೆ.

ಉರಿಯೂತದ ನೋವು: ಉಳುಕು, ಸ್ನಾಯುಸೆಳೆತದ ಮೊದಲ ದಿನಗಳು, ಸಂಧಿವಾತ, ಗೌಟ್, ಹಲ್ಲುನೋವು, ಮುಟ್ಟಿನ ನೋವು, ಶಸ್ತ್ರಚಿಕಿತ್ಸೆಯ ನಂತರದ ನೋವು ಈ ಗುಂಪಿಗೆ ಸೇರುತ್ತವೆ. ಇಲ್ಲಿ ಉರಿಯೂತ ನಿವಾರಕಗಳು ನಿಜಕ್ಕೂ ಸಮರ್ಥ. ಅಫೀಮು ಮೂಲದ ನೋವು ನಿವಾರಕಗಳಂತೆ ಇವು ಚಟ ಹಿಡಿಸುವುದಿಲ್ಲ ಎಂಬುದು ಇವುಗಳ ದೊಡ್ಡ ಗುಣ. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಕ್ಯಾನ್ಸರ್ ನೋವಿಗಾಗಿ ರೂಪಿಸಿದ ಮೂರು ಮೆಟ್ಟಿಲಿನ ಕ್ರಮದಲ್ಲಿಯೂ ಮೊದಲ ಮೆಟ್ಟಿಲಿನಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಇವುಗಳಿಗೆ ಸ್ಥಾನವಿತ್ತು.

ಸಾಮಾನ್ಯ ನೋವು ಮತ್ತು ಜ್ವರ: ತಲೆನೋವು, ಮೈಕೈ ನೋವು, ಜ್ವರಗಳಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸಾಕು. ಇದು ನೋವು ಮತ್ತು ಜ್ವರವನ್ನು ಇಳಿಸುತ್ತದೆ. ಊತವನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಜಠರ ಮತ್ತು ಮೂತ್ರಪಿಂಡದ ಮಟ್ಟಿಗೆ ಇದು ಹೆಚ್ಚು ಸುರಕ್ಷಿತ. ಆದರೆ ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ಮೀರಿದರೆ ಯಕೃತ್ತಿಗೆ ತೀವ್ರ ಹಾನಿಯಾಗಬಹುದು. ಮದ್ಯಪಾನಿಗಳಿಗೆ ಈ ಮಿತಿಯೂ ಹೆಚ್ಚು. ಅವರು ವೈದ್ಯರು ಹೇಳಿದ ಪ್ರಮಾಣವನ್ನೇ ಪಾಲಿಸಬೇಕು.

ನರದ ನೋವು: ಮಧುಮೇಹಿಗಳ ಪಾದದಲ್ಲಿ ಉರಿ, ಸೂಜಿ ಚುಚ್ಚಿದಂತಹ ನೋವು ಕಾಣಿಸುವುದುಂಟು. ಇದು ನರದ ಹಾನಿಯಿಂದ ಬಂದುದು. ಉರಿಯೂತ ನಿವಾರಕಗಳಿಂದ ಇದಕ್ಕೆ ಹೇಳಿಕೊಳ್ಳುವಂತಹ ಪ್ರಯೋಜನವಿಲ್ಲ. ಮಧುಮೇಹದಿಂದ ಮೊದಲೇ ದಣಿದಿರುವ ಮೂತ್ರಪಿಂಡಕ್ಕೆ ಹೊರೆ ಮಾತ್ರ ಹೆಚ್ಚುತ್ತದೆ. ಇಂತಹ ನೋವಿಗೆ ಬೇರೆಯೇ ಔಷಧಗಳಿವೆ.

ಡೆಂಗಿ ಶಂಕೆಯ ಜ್ವರ: ಮಳೆಗಾಲದಲ್ಲಿ ಈ ಎಚ್ಚರ ಅತ್ಯಗತ್ಯ. ಡೆಂಗಿಯಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳ ಸಂಖ್ಯೆ ಇಳಿಯುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ರಕ್ತಸ್ರಾವದ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಇಂತಹ ದಿನಗಳಲ್ಲಿ ಜ್ವರದಿಂದ ಕೆಲಸಕ್ಕೆ ಬಂದವನಿಗೆ ಮೇಜಿನ ಖಾನೆಯಿಂದ ನೋವಿನ ಮಾತ್ರೆ ತೆಗೆದುಕೊಡುವುದು ಪ್ರಾಣಾಪಾಯದ ಉಪಕಾರವಾಗಬಹುದು. ರಕ್ತಪರೀಕ್ಷೆ ಆಗುವವರೆಗೆ ಪ್ಯಾರಾಸಿಟಮಾಲ್ ಮತ್ತು ಧಾರಾಳವಾಗಿ ನೀರು, ಇವಿಷ್ಟೇ ಸರಿಯಾದ ಕ್ರಮ.

ಖರ್ಚಿನ ಬದಿ

ಜಮಾ ಪುಟದಲ್ಲಿ ನೋವಿನ ಉಪಶಮನವಿದ್ದರೆ ಖರ್ಚಿನ ಪುಟದಲ್ಲಿ ನಾಲ್ಕು ಮುಖ್ಯ ಬಾಬತ್ತುಗಳಿವೆ.

1. ಜಠರ: ಒಳಪದರದ ರಕ್ಷಣೆ ಕುಗ್ಗಿ ಹುಣ್ಣಾಗಬಹುದು, ರಕ್ತ ಸೋರಬಹುದು. ಅರವತ್ತು ದಾಟಿದವರು, ಹಿಂದೆ ಹುಣ್ಣು ಆಗಿದ್ದವರು, ರಕ್ತ ತಿಳಿಗೊಳಿಸುವ ಔಷಧ ಅಥವಾ ಸ್ಟೀರಾಯ್ಡ್ ಸೇವಿಸುವವರು, ಮದ್ಯಪಾನಿಗಳು ಹೆಚ್ಚಿನ ಅಪಾಯದಲ್ಲಿದ್ದಾರೆ. ಊಟದ ನಂತರ ನುಂಗಿದರೆ ತೊಂದರೆಯೇ ಇಲ್ಲ ಎಂಬ ನಂಬಿಕೆ ಪೂರ್ಣ ಸತ್ಯವಲ್ಲ. ಊಟ ಹೊಟ್ಟೆಯ ಕಿರಿಕಿರಿಯನ್ನು ಕಡಿಮೆ ಮಾಡೀತು. ಆದರೆ ಔಷಧ ರಕ್ತದ ಮೂಲಕವೂ ಜಠರದ ರಕ್ಷಣೆಯನ್ನು ಕುಗ್ಗಿಸುತ್ತದೆ. ಇಂಜೆಕ್ಷನ್ ಪಡೆದವರಿಗೂ ಈ ಅಪಾಯ ತಪ್ಪಿದ್ದಲ್ಲ. ಪ್ಯಾಂಟೊಪ್ರಜೋಲ್‌ನಂತಹ ಆಮ್ಲ ನಿಯಂತ್ರಕಗಳು ಜಠರಕ್ಕೆ ಸಾಕಷ್ಟು ರಕ್ಷಣೆ ಕೊಡುತ್ತವೆ. ಮೂತ್ರಪಿಂಡಕ್ಕೂ ಹೃದಯಕ್ಕೂ ಅವು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

2. ಮೂತ್ರಪಿಂಡ: ದೇಹದಲ್ಲಿ ನೀರಿನಂಶ ಕಡಿಮೆಯಾದಾಗ ಮೂತ್ರಪಿಂಡದ ರಕ್ತದ ಹರಿವು ಪ್ರೊಸ್ಟಗ್ಲಾಂಡಿನ್‌ಗಳನ್ನೇ ಅವಲಂಬಿಸುತ್ತದೆ. ಆ ಸಮಯದಲ್ಲಿ ನೋವಿನ ಮಾತ್ರೆ ನುಂಗಿದರೆ ಮೂತ್ರಪಿಂಡ ಹಠಾತ್ತನೆ ಸೋಲಬಹುದು. ಫೌಂಡ್ರಿಯ ಕುಲುಮೆಯ ಮುಂದೆ, ಬಾಯ್ಲರ್ ಬಳಿ, ಬೇಸಿಗೆಯ ಬಿಸಿಲಿನಲ್ಲಿ ಬೆವರು ಸುರಿಸಿ ದುಡಿಯುವವರಿಗೆ ಈ ಎಚ್ಚರಿಕೆ ವಿಶೇಷವಾಗಿ ಅನ್ವಯಿಸುತ್ತದೆ. ರಕ್ತದೊತ್ತಡಕ್ಕಾಗಿ ಟೆಲ್ಮಿಸಾರ್ಟನ್ ಅಥವಾ ರಾಮಿಪ್ರಿಲ್ ವರ್ಗದ ಮಾತ್ರೆ, ಜೊತೆಗೆ ಮೂತ್ರವರ್ಧಕ, ಅದರ ಮೇಲೆ ನೋವಿನ ಮಾತ್ರೆ ಹೀಗೆ ಮೂರು ಒಟ್ಟುಗೂಡಿದರೆ ಮೂತ್ರಪಿಂಡಕ್ಕೆ ತ್ರಿವಿಧ ಪೆಟ್ಟು ಎಂದು ವೈದ್ಯರು ಎಚ್ಚರಿಸುತ್ತಾರೆ.

3. ಹೃದಯ ಮತ್ತು ರಕ್ತದೊತ್ತಡ: ಈ ಔಷಧಗಳು ದೇಹದಲ್ಲಿ ಉಪ್ಪು-ನೀರನ್ನು ಹಿಡಿದಿಟ್ಟು ರಕ್ತದೊತ್ತಡವನ್ನು ಏರಿಸಬಹುದು. ಆಸ್ಪಿರಿನ್ ಹೊರತಾದ ಉರಿಯೂತ ನಿವಾರಕಗಳಿಂದ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಬಳಕೆಯ ಮೊದಲ ವಾರಗಳಲ್ಲಿಯೇ ಅದು ಕಾಣಿಸಿಕೊಳ್ಳಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ತನ್ನ ಹಿಂದಿನ ಎಚ್ಚರಿಕೆಯನ್ನು ಬಿಗಿಗೊಳಿಸಿತು. ಹೃದ್ರೋಗಕ್ಕಾಗಿ ನಿತ್ಯ ಅಲ್ಪ ಪ್ರಮಾಣದ ಆಸ್ಪಿರಿನ್ ಸೇವಿಸುವ ವರ್ತಕರು ಇನ್ನೊಂದು ವಿಷಯವನ್ನು ತಿಳಿದಿರಬೇಕು. ಆಸ್ಪಿರಿನ್‌ಗೆ ಮುಂಚೆ ಐಬುಪ್ರೊಫೆನ್ ನುಂಗಿದರೆ ಆಸ್ಪಿರಿನ್ ನೀಡುವ ರಕ್ಷಣೆಯೇ ಕುಂದಬಹುದು.

4. ಇತರ ಅಪಾಯಗಳು: ಕೆಲವು ಅಸ್ತಮಾ ರೋಗಿಗಳಿಗೆ ಈ ಮಾತ್ರೆಯಿಂದ ತೀವ್ರ ಉಸಿರಾಟದ ತೊಂದರೆಯಾಗುತ್ತದೆ. ಗರ್ಭಿಣಿಯರು, ವಿಶೇಷವಾಗಿ 20 ವಾರಗಳ ನಂತರ, ವೈದ್ಯರ ಸಲಹೆಯಿಲ್ಲದೆ ಇವನ್ನು ಸೇವಿಸಬಾರದು. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಸಲ್ಲದು. ಮೆಫೆನಾಮಿಕ್ ಆಮ್ಲದಿಂದ ಅಪರೂಪವಾಗಿ ಚರ್ಮ ಮತ್ತು ಒಳಾಂಗಗಳನ್ನು ಬಾಧಿಸುವ ತೀವ್ರ ಅಲರ್ಜಿ ಉಂಟಾಗಬಹುದು ಎಂದು ಭಾರತೀಯ ಔಷಧಕೋಶ ಆಯೋಗ 2023ರಲ್ಲಿ ಎಚ್ಚರಿಕೆ ನೀಡಿತು.

ಒಂದು ಉದಾಹರಣೆ

ಲೆಕ್ಕ ಹೇಗೆ ಬೆಳೆಯುತ್ತದೆ ಎಂಬುದನ್ನು ಅರಿಯಲು ಒಂದು ಕಲ್ಪಿತ ಉದಾಹರಣೆಯನ್ನು ಪರಿಶೀಲಿಸಬಹುದು. ಒಂದು ಸಣ್ಣ ಯಂತ್ರಭಾಗ ತಯಾರಿಕಾ ಘಟಕದಲ್ಲಿ 52 ವರ್ಷದ ಫಿಟ್ಟರ್ ಒಬ್ಬರಿದ್ದಾರೆ. ಇಪ್ಪತ್ತು ವರ್ಷಗಳ ಅನುಭವ. ಅವರಿಲ್ಲದಿದ್ದರೆ ಎರಡು ಯಂತ್ರಗಳು ನಿಲ್ಲುತ್ತವೆ. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ ಮತ್ತು ಮೂತ್ರವರ್ಧಕ ಕೂಡಿದ ಮಾತ್ರೆಯನ್ನು ನಿತ್ಯ ಸೇವಿಸುತ್ತಾರೆ. ಸೊಂಟನೋವು ಆರಂಭವಾದಾಗ ಮಾಲೀಕರು ಡೈಕ್ಲೊಫೆನಾಕ್-ಪ್ಯಾರಾಸಿಟಮಾಲ್ ಮಿಶ್ರಿತ ಮಾತ್ರೆ ಕೊಡುತ್ತಾರೆ. ಗುಣ ಕಂಡಿತು, ಆದುದರಿಂದ ದಿನಕ್ಕೆ ಎರಡರಂತೆ ಮೂರು ತಿಂಗಳು ನಡೆಯಿತು. ನೋವು ಹೆಚ್ಚಾದ ವಾರ ಔಷಧಿ ಅಂಗಡಿಯಿಂದ ಅಸೆಕ್ಲೊಫೆನಾಕ್ ತಂದು ಅದನ್ನೂ ಸೇರಿಸಿಕೊಂಡರು. ಹೆಸರು ಬೇರೆ, ಬಣ್ಣ ಬೇರೆ. ಆದರೆ ಎರಡೂ ಒಂದೇ ವರ್ಗದ ಔಷಧಗಳು. ನೆಗಡಿಯಾದಾಗ ನುಂಗಿದ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಮತ್ತೊಮ್ಮೆ ಸೇರಿತ್ತು.

ಬೇಸಿಗೆಯಲ್ಲಿ ಒಂದು ದಿನ ವಾಂತಿ-ಭೇದಿಯಾಗುತ್ತದೆ. ಊಟವಿಲ್ಲದಿದ್ದರೂ ಮಾತ್ರೆಗಳು ನಿಲ್ಲುವುದಿಲ್ಲ. ಎರಡು ದಿನಗಳಲ್ಲಿ ಕಾಲು ಊದಿ, ಮೂತ್ರ ಕಡಿಮೆಯಾಗಿ ಆಸ್ಪತ್ರೆ ಸೇರುವ ಸ್ಥಿತಿ ಬರುತ್ತದೆ. ಇಂತಹ ಮೂತ್ರಪಿಂಡದ ಹಾನಿಯನ್ನು ಬೇಗ ಗುರುತಿಸಿ ಮಾತ್ರೆ ನಿಲ್ಲಿಸಿದರೆ ಅನೇಕರು ಚೇತರಿಸಿಕೊಳ್ಳುತ್ತಾರೆ. ತಡವಾದರೆ ಡಯಾಲಿಸಿಸ್‌ವರೆಗೂ ಹೋಗಬಹುದು. ಈ ಪ್ರಸಂಗದಲ್ಲಿ ಯಾರೂ ದುರುದ್ದೇಶದಿಂದ ವರ್ತಿಸಿಲ್ಲ. ಒಂದೇ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ: "ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?" ಇನ್ನೊಂದನ್ನು ಯಾರೂ ನೋಡಲಿಲ್ಲ: ಅವರ ಸೊಂಟನೋವಿಗೆ ಕಾರಣವಾದ, ಎತ್ತರ ಸಾಲದ ಕೆಲಸದ ಮೇಜು. ಮೂರು ತಿಂಗಳ ಮಾತ್ರೆಯ ಹಣದಲ್ಲಿ ಆ ಮೇಜಿನ ಕಾಲುಗಳ ಕೆಳಗೆ ನಾಲ್ಕು ಗಟ್ಟಿ ಮರದ ದಿಮ್ಮಿಗಳನ್ನು ಇಡಬಹುದಿತ್ತು.

ಮಾರುಕಟ್ಟೆ ಕಲಿಸಿದ ಪಾಠಗಳು

ಔಷಧವೂ ಒಂದು ಸರಕು. ಅದರ ವ್ಯಾಪಾರದ ಇತಿಹಾಸದಲ್ಲಿ ವರ್ತಕರು ಗಮನಿಸಬೇಕಾದ ಘಟನೆಗಳಿವೆ.

ಜಠರಕ್ಕೆ ಹಾನಿ ಮಾಡದೆ ನೋವನ್ನು ಮಾತ್ರ ತಡೆಯುವ ಔಷಧದ ಹುಡುಕಾಟದಲ್ಲಿ 1990ರ ದಶಕದ ಕೊನೆಗೆ ಹೊಸ ಪೀಳಿಗೆಯ ಔಷಧಗಳು ಬಂದವು. ಅವುಗಳಲ್ಲೊಂದಾದ ರೋಫೆಕಾಕ್ಸಿಬ್ ಅನ್ನು ಮೆರ್ಕ್ ಕಂಪನಿ 1999ರಲ್ಲಿ ವಯಾಕ್ಸ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. ದೀರ್ಘಕಾಲದ ಬಳಕೆಯಿಂದ ಹೃದಯಾಘಾತ ಹಾಗೂ ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದು ಅಧ್ಯಯನದಲ್ಲಿ ಖಚಿತವಾದಾಗ, 2004ರ ಸೆಪ್ಟೆಂಬರ್ 30ರಂದು ಕಂಪನಿ ಅದನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. 2007ರಲ್ಲಿ ಅಮೆರಿಕದ ಮೊಕದ್ದಮೆಗಳ ಇತ್ಯರ್ಥಕ್ಕೆ 485 ಕೋಟಿ ಡಾಲರ್ ನೀಡಲು ಒಪ್ಪಿತು. ಅದೇ ವರ್ಗದ ಸೆಲೆಕಾಕ್ಸಿಬ್ ಮತ್ತು ಎಟೊರಿಕಾಕ್ಸಿಬ್ ಭಾರತದಲ್ಲಿ ಬಳಕೆಯಲ್ಲಿವೆ. ಹೃದ್ರೋಗಿಗಳಿಗೆ ಅವನ್ನು ಸೂಚಿಸುವಾಗ ವೈದ್ಯರು ಬಹಳ ಜಾಗರೂಕರಾಗಿರುತ್ತಾರೆ. ಹೊಸದು ಎಂದ ಮಾತ್ರಕ್ಕೆ ನಿರಪಾಯವಲ್ಲ ಎಂಬುದು ಇದರ ಪಾಠ.

ಭಾರತದಲ್ಲಿ ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಬಳಸುವುದನ್ನು ಯಕೃತ್ತಿನ ಹಾನಿಯ ಆತಂಕದ ಹಿನ್ನೆಲೆಯಲ್ಲಿ 2011ರಲ್ಲಿ ನಿಷೇಧಿಸಲಾಯಿತು. ಎರಡು-ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಬೆರೆಸುವ ಪದ್ಧತಿಯೂ ಪರಿಶೀಲನೆಗೆ ಒಳಗಾಗಿದೆ. ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ನಿಷೇಧಿಸಿದ 156 ಮಿಶ್ರಣಗಳ ಪಟ್ಟಿಯಲ್ಲಿ ಅಸೆಕ್ಲೊಫೆನಾಕ್ 50 ಮಿಲಿಗ್ರಾಂ ಮತ್ತು ಪ್ಯಾರಾಸಿಟಮಾಲ್ 125 ಮಿಲಿಗ್ರಾಂ ಸೇರಿದ ಮಾತ್ರೆಯೂ ಇತ್ತು. ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿದ ಔಷಧದ ಮೂಲ ಹೆಸರನ್ನು ಓದುವ ಅಭ್ಯಾಸ ಆದುದರಿಂದ ಅವಶ್ಯಕ. ವ್ಯಾಪಾರನಾಮ ನೂರಾರು ಇರಬಹುದು. ಒಳಗಿನ ಸರಕು ನಾಲ್ಕಾರು ಮಾತ್ರ.

ಡೈಕ್ಲೊಫೆನಾಕ್ ಕುರಿತ ಇನ್ನೊಂದು ಸಂಗತಿ ಕನ್ನಡಿಗರಿಗೆ ಹತ್ತಿರವಾದುದು. ದನಕರುಗಳ ನೋವಿಗೆ ನೀಡಿದ ಈ ಔಷಧ ಅವುಗಳ ಕಳೇಬರದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಸೋತು ಸಾಯುತ್ತಿವೆ ಎಂದು 2004ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಭಾರತದ ಬಿಳಿಬೆನ್ನಿನ ರಣಹದ್ದುಗಳು ಅಷ್ಟರಲ್ಲಿ ಶೇಕಡ 95ಕ್ಕೂ ಮಿಗಿಲಾಗಿ ನಶಿಸಿದ್ದವು. 2006ರಲ್ಲಿ ಭಾರತ ಪಶುಚಿಕಿತ್ಸೆಗಾಗಿ ಡೈಕ್ಲೊಫೆನಾಕ್ ತಯಾರಿಕೆಯನ್ನು ನಿಲ್ಲಿಸಲು ಆದೇಶಿಸಿತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಬೇಕಾಗಿ ಬಂದುದರ ಹಿನ್ನೆಲೆಯಲ್ಲಿ ಈ ಕುಸಿತವೂ ಇದೆ. ಹದ್ದಿನ ಮೂತ್ರಪಿಂಡ ಮನುಷ್ಯನದಕ್ಕಿಂತ ಈ ಔಷಧಕ್ಕೆ ಎಷ್ಟೋ ಪಾಲು ಸೂಕ್ಷ್ಮ; ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಅಗ್ಗದ ಮಾತ್ರೆಯ ಪೂರ್ಣ ಬೆಲೆ ಅದರ ಪಟ್ಟಿಯ ಮೇಲೆ ಮುದ್ರಿತವಾಗಿರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಉದ್ಯಮಿಗಳು ಪಾಲಿಸಬೇಕಾದ ಕ್ರಮಗಳು

ಡೈಕ್ಲೊಫೆನಾಕ್‌ನಂತಹ ಔಷಧಗಳು ಕಾನೂನಿನ ಪ್ರಕಾರ ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಎಚ್ ಅನುಸೂಚಿಗೆ ಸೇರಿವೆ. ಔಷಧಿ ಅಂಗಡಿಯವರೇ ಚೀಟಿ ಕೇಳಬೇಕಾದ ವಸ್ತುವನ್ನು ಕಾರ್ಖಾನೆಯ ಮೇಲ್ವಿಚಾರಕ ಕೇಳಿದವರಿಗೆಲ್ಲ ಹಂಚುವುದು ಉಚಿತವಲ್ಲ. 1948ರ ಕಾರ್ಖಾನೆಗಳ ಕಾಯಿದೆಯು ಪ್ರತಿ 150 ಕೆಲಸಗಾರರಿಗೆ ಕನಿಷ್ಠ ಒಂದು ಪ್ರಥಮ ಚಿಕಿತ್ಸಾ ಪೆಟ್ಟಿಗೆಯನ್ನೂ ಅದಕ್ಕೆ ತರಬೇತಿ ಪಡೆದ ಹೊಣೆಗಾರನನ್ನೂ ಕಡ್ಡಾಯಗೊಳಿಸಿತ್ತು. ಆ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆಯಲ್ಲೂ ಪ್ರಥಮ ಚಿಕಿತ್ಸೆಯ ಹೊಣೆ ಉದ್ಯಮಿಯದೇ ಆಗಿದೆ. ಈ ಹೊಣೆಯನ್ನು ಸರಿಯಾಗಿ ನಿರ್ವಹಿಸಲು ಕೆಳಗಿನ ಕ್ರಮಗಳು ಸಹಾಯಕ.

1. ಗಲ್ಲಾ ಪೆಟ್ಟಿಗೆ ಹಾಗೂ ಮೇಜಿನ ಖಾನೆಯಲ್ಲಿರುವ ನೋವಿನ ಮಾತ್ರೆಗಳನ್ನು ತೆಗೆದು, ಪ್ರಥಮ ಚಿಕಿತ್ಸಾ ಪೆಟ್ಟಿಗೆಯಲ್ಲಿ ಏನಿರಬೇಕೆಂದು ಹತ್ತಿರದ ವೈದ್ಯರಿಂದ ಪಟ್ಟಿ ಮಾಡಿಸಿಕೊಳ್ಳುವುದು.

2. ಯಾವುದೇ ಮಾತ್ರೆ ಕೊಡುವ ಮುನ್ನ ಐದು ಪ್ರಶ್ನೆ ಕೇಳುವುದು: ರಕ್ತದೊತ್ತಡ, ಮಧುಮೇಹ, ಹೃದ್ರೋಗ ಅಥವಾ ಮೂತ್ರಪಿಂಡದ ತೊಂದರೆ ಇದೆಯೆ? ಹೊಟ್ಟೆಹುಣ್ಣು ಆಗಿತ್ತೆ? ಅಸ್ತಮಾ ಅಥವಾ ಅಲರ್ಜಿ ಇದೆಯೆ? ಈಗ ಬೇರೆ ಯಾವ ಮಾತ್ರೆ ನಡೆಯುತ್ತಿದೆ? ಜ್ವರವಿದೆಯೆ? ಮಹಿಳೆಯರಿದ್ದಲ್ಲಿ ಗರ್ಭಿಣಿಯೇ ಎಂಬುದನ್ನು ಮಹಿಳಾ ಸಹೋದ್ಯೋಗಿಯೊಬ್ಬರ ಮೂಲಕ ಕೇಳುವುದು. ಒಂದಕ್ಕೆ ಹೌದೆಂದರೂ, ಬೇರೆ ಮಾತ್ರೆ ನಡೆಯುತ್ತಿದ್ದರೂ, ವೈದ್ಯರ ಸಲಹೆಯೇ ದಾರಿ.

3. ಕೊಟ್ಟ ಮಾತ್ರೆಯ ಹೆಸರು, ದಿನಾಂಕ, ಪಡೆದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು. ಒಬ್ಬರ ಹೆಸರೇ ಪದೇಪದೇ ಬಂದರೆ ಅದು ಅವರ ಕೆಲಸದ ಸ್ಥಳವನ್ನು ಪರೀಕ್ಷಿಸಬೇಕೆಂಬ ಸೂಚನೆ.

4. ಕನಿಷ್ಠ ಪ್ರಮಾಣ, ಕನಿಷ್ಠ ಅವಧಿ ಎಂಬ ಸೂತ್ರವನ್ನು ಪಾಲಿಸುವುದು. ಎರಡು ಬಗೆಯ ಉರಿಯೂತ ನಿವಾರಕಗಳನ್ನು ಒಟ್ಟಿಗೆ ಸೇವಿಸಬಾರದು. ಮೂರು-ನಾಲ್ಕು ದಿನಗಳಲ್ಲಿ ಇಳಿಯದ ನೋವನ್ನು ವೈದ್ಯರಿಗೆ ತೋರಿಸಬೇಕು.

5. ಮೊಣಕಾಲು, ಕೈಗಂಟುಗಳಂತಹ ಒಂದೇ ಜಾಗದ ನೋವಿಗೆ ಮೊದಲು ಲೇಪಿಸುವ ಜೆಲ್ ಬಳಸಬಹುದು. ರಕ್ತಕ್ಕೆ ಸೇರುವ ಔಷಧದ ಪ್ರಮಾಣ ಮಾತ್ರೆಗಿಂತ ಬಹಳ ಕಡಿಮೆ. ಗಾಯವಾದ ಚರ್ಮದ ಮೇಲೆ ಹಚ್ಚಬಾರದು.

6. ಅಪಾಯದ ಚಿಹ್ನೆಗಳನ್ನು ಎಲ್ಲರಿಗೂ ತಿಳಿಸುವುದು. ಡಾಂಬರಿನಂತೆ ಕಪ್ಪು ಮಲ, ರಕ್ತವಾಂತಿ, ಮೂತ್ರ ಕಡಿಮೆಯಾಗುವುದು, ಕಾಲೂತ, ಉಸಿರಾಟದ ತೊಂದರೆ, ಜ್ವರದೊಡನೆ ಮೈಮೇಲೆ ಗಂಧೆ ಕಂಡರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಎದೆ, ಎಡತೋಳು, ದವಡೆಯ ನೋವಿಗೆ ನೋವಿನ ಮಾತ್ರೆ ಕೊಟ್ಟು ಕಾಯುತ್ತ ಕೂರುವಂತಿಲ್ಲ. ಸೊಂಟನೋವಿನೊಡನೆ ಕಾಲಿನ ಬಲ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅದು ತುರ್ತುಸ್ಥಿತಿ.

ಮೂಲಕ್ಕೆ ಮದ್ದು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ 61.9 ಕೋಟಿ ಜನರು ಸೊಂಟನೋವಿನಿಂದ ಬಳಲುತ್ತಿದ್ದರು. ದೀರ್ಘಕಾಲದ ಸೊಂಟನೋವಿನ ಚಿಕಿತ್ಸೆಗೆ ಅದು 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಉರಿಯೂತ ನಿವಾರಕಗಳಿಗೆ ಸ್ಥಾನವಿದೆ. ಆದರೆ ಅದರ ಜೊತೆಗೆ ವ್ಯಾಯಾಮ, ತಿಳಿವಳಿಕೆ ನೀಡುವಿಕೆ, ಕೈಯಿಂದ ನೀಡುವ ಭೌತಚಿಕಿತ್ಸೆಗಳಿಗೂ ಸ್ಥಾನವಿದೆ. ಮಾತ್ರೆಯೊಂದೇ ಚಿಕಿತ್ಸೆಯಲ್ಲ ಎಂಬುದು ಇದರ ಸಾರ.

ಕೆಲಸದ ಸ್ಥಳದಲ್ಲಿ ಹುಟ್ಟುವ ನೋವಿಗೆ ಕೆಲಸದ ಸ್ಥಳದಲ್ಲಿಯೇ ಪರಿಹಾರವಿರುವುದು ಹೆಚ್ಚು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರ ತನ್ನ ಶಿಫಾರಸಿನಲ್ಲಿ ಒಬ್ಬ ವಯಸ್ಕ ಪುರುಷ ಹೊರುವ ಭಾರಕ್ಕೆ 55 ಕಿಲೊಗ್ರಾಂ ಮಿತಿಯನ್ನು ಸೂಚಿಸಿತ್ತು. ಅದಕ್ಕಿಂತ ಭಾರದ ಮೂಟೆ ಕಟ್ಟುವ ವರ್ತಕರು ಮೂಟೆಯ ಗಾತ್ರವನ್ನು ಇಳಿಸುವುದೇ ಉತ್ತಮ ನೋವು ನಿವಾರಕ. ಕೈಗಾಡಿ, ಇಳಿಜಾರು ಹಲಗೆ, ಸೊಂಟದ ಎತ್ತರಕ್ಕೆ ಸರಿಹೊಂದುವ ಮೇಜು, ನಿಂತು ದುಡಿಯುವವರ ಕಾಲ ಕೆಳಗೆ ರಬ್ಬರ್ ಚಾಪೆ, ಬೆನ್ನಿಗೆ ಆಸರೆಯಿರುವ ಕುರ್ಚಿ, ಗಂಟೆಗೊಮ್ಮೆ ಎರಡು ನಿಮಿಷ ಮೈ ಸಡಿಲಿಸುವ ಬಿಡುವು, ಕುಲುಮೆಯ ಬಳಿ ಕುಡಿಯುವ ನೀರು, ಇವುಗಳ ಖರ್ಚು ಒಮ್ಮೆ ಬರುವಂಥದು ಅಥವಾ ಅತ್ಯಲ್ಪ. ಪ್ರತಿಫಲ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ.

ಉರಿಯೂತ ನಿವಾರಕ ಔಷಧಗಳು ಮನುಕುಲಕ್ಕೆ ದೊರೆತ ಅಮೂಲ್ಯ ಸಾಧನಗಳು. ಅವನ್ನು ದೂಷಿಸುವುದೂ ತಪ್ಪು, ಪೆಪ್ಪರಮೆಂಟಿನಂತೆ ಹಂಚುವುದೂ ತಪ್ಪು. ಬೆಂಕಿ ಬಿದ್ದಾಗ ಮೊಳಗುವ ಗಂಟೆಯ ಸದ್ದನ್ನು ನಿಲ್ಲಿಸಿ ನಿದ್ರಿಸುವ ಕಾವಲುಗಾರನನ್ನು ಯಾವ ಉದ್ಯಮಿಯೂ ಕೆಲಸದಲ್ಲಿ ಉಳಿಸಿಕೊಳ್ಳುವುದಿಲ್ಲ. ನೋವು ದೇಹದ ಗಂಟೆ. ಅದನ್ನು ಕೆಲಕಾಲ ತಗ್ಗಿಸುವ ಅಧಿಕಾರ ಮಾತ್ರೆಗಿದೆ. ಬೆಂಕಿ ಎಲ್ಲಿದೆ ಎಂದು ಹುಡುಕುವ ಹೊಣೆ ಮನುಷ್ಯನದು. ನುರಿತ ಕೆಲಸಗಾರನ ಆರೋಗ್ಯ ಯಾವ ಲೆಕ್ಕಪುಸ್ತಕದಲ್ಲೂ ಆಸ್ತಿಯೆಂದು ನಮೂದಾಗುವುದಿಲ್ಲ. ಅದು ಕಳೆದುಹೋದ ದಿನ ಮಾತ್ರ ನಷ್ಟದ ಮೊತ್ತ ಎಲ್ಲರಿಗೂ ತಿಳಿಯುತ್ತದೆ.